ಇಪ್ಪತ್ತೆರಡನೆಯ ದೃಶ್ಯದ ಕೈ

“ಹನ್ನೆರಡನೇ ಸೀನ್ ಎಷ್ಟು ಗಂಟೆಗೆ ತೆಗೆದ್ವಿ, ನರಹರಿ?”

ನರಹರಿ ತೆಹ್ ತಾರಿಕ್ ಚಹಾದ ನೊರೆ ಊದುವುದನ್ನು ನಿಲ್ಲಿಸಲಿಲ್ಲ. “ಹನ್ನೆರಡಾ? ಇಪ್ಪತ್ತೆರಡಕ್ಕಿಂತ ಮುಂಚೆ ತಾನೇ ಬರೋದು, ವಾಸಂತಿ ಮೇಡಂ.”

“ಕಥೆಯಲ್ಲಿ ಮುಂಚೆ. ನಾನು ಕೇಳ್ತಿರೋದು ಗಡಿಯಾರದಲ್ಲಿ.”

ಲೋಟ ಮೇಜಿನ ಮೇಲೆ ಕೂತಿತು.

ಸುಬಾಂಗ್ ಜಯಾದಲ್ಲಿ ತಮಿಳು ಮುಸ್ಲಿಮರು ನಡೆಸುವ ಈ ಮಮಕ್ ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನ ಕೂರಲು ಜಾಗ ಸಿಗುವುದೇ ಕಷ್ಟ. ನಾನು ಅರ್ಧ ಗಂಟೆ ಮೊದಲೇ ಬಂದು ಗೋಡೆಗೆ ಒರಗಿದ ಮೇಜು ಹಿಡಿದಿದ್ದೆ. ಬೆನ್ನ ಹಿಂದೆ ಯಾರೂ ಬರಬಾರದು, ಕಣ್ಣಿಗೆ ರಸ್ತೆಯೂ ಪಾರ್ಕಿಂಗೂ ಕಾಣಬೇಕು. ಇದು ನನ್ನ ಹಳೆಯ ಚಟ. ಪಕ್ಕದಲ್ಲಿ ಆಮ್ನಾ ಕೂತಿದ್ದಳು. ಅವಳ ತಟ್ಟೆಯ ರೋಟಿ ಚೂರುಚೂರಾಗಿತ್ತು, ಒಂದು ಚೂರೂ ಬಾಯಿಗೆ ಹೋಗಿರಲಿಲ್ಲ.

ಎಂಟು ದಿನದ ಹಿಂದೆ, ಈ ಪರದೇಶದಲ್ಲಿ ನಮ್ಮ ಕನ್ನಡ ಬಳಗ ಮಾಡುತ್ತಿರುವ ಕಿರುಚಿತ್ರದ ಶೂಟಿಂಗ್‌ನಲ್ಲಿ, ಚಿತ್ರಕ್ಕೆ ದುಡ್ಡು ಹಾಕಿದ ಶರ್ಮಿಳಾಳ ಅತ್ತೆಯ ಕಾಸಿನ ಸರ ಹೋಗಿ ಅದರ ಜಾಗಕ್ಕೆ ಗಿಲೀಟಿನ ಸರ ಬಂದು ಕೂತಿತ್ತು. ಸಿನಿಮಾದಲ್ಲಿ ಬ್ಯಾಂಕು ದೋಚುವ ಕಳ್ಳನ ಪಾತ್ರ ಮಾಡಿದ ತೌಸೀಫ್, ಅಂದರೆ ಆಮ್ನಾಳ ಗಂಡ, ನಿಜಕ್ಕೂ ಕಳ್ಳ ಎಂದು ಬಳಗ ತೀರ್ಮಾನಿಸಿಬಿಟ್ಟಿತ್ತು.

ಸಂಜೆ ಐದಕ್ಕೆ ಶರ್ಮಿಳಾ ಪೊಲೀಸ್ ಠಾಣೆಗೆ ಹೋಗುವವಳು. ದೂರಿನಲ್ಲಿ ತೌಸೀಫ್ ಅವರ ಹೆಸರು ಬಿದ್ದರೆ ಮುಗಿಯಿತು. ಅವರು ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪಾಠ ಹೇಳುತ್ತಾರೆ; ಕೆಲಸದ ಪಾಸ್ ಮುಂದಿನ ತಿಂಗಳು ನವೀಕರಣಕ್ಕಿದೆ. ಆ ಪಾಸ್‌ನ ಬಾಲಕ್ಕೆ ಆಮ್ನಾಳದೂ ಮಗಳದೂ ಕಟ್ಟಿದೆ. ಒಂದು ಬಿದ್ದರೆ ಮೂರೂ.

ಆಗಲೇ ಎರಡೂ ಹತ್ತು.

“ಎಡಿಟಿಂಗ್‌ಗೆ ಅಂತ ತಗೊಂಡು ಹೋಗಿ ನೀವು ಬೆಳಿಗ್ಗೆ ವಾಪಸ್ ಕೊಟ್ಟ ಹಾಳೆಗಳು,” ಎಂದು ಕಡತ ತೆರೆದೆ. “ನನ್ನ ಕೈಬರಹ. ಓದಿ.”

ಆ ಸಿನಿಮಾಕ್ಕೆ ನಾನು ಕಂಟಿನ್ಯುಯಿಟಿ. ಮೊದಲ ಶಾಟ್‌ನಲ್ಲಿ ಎಡಗೈಲಿದ್ದ ಚೀಲ ಮುಂದಿನ ಶಾಟ್‌ನಲ್ಲಿ ಬಲಗೈಗೆ ಹೋಗದಂತೆ ಕಾಯುವ ಕೆಲಸ. ಮನೆ ಬಿಡುವಾಗ ಗ್ಯಾಸ್ ಆರಿಸಿದೆನೇ ಎಂದು ಮೂರು ಸಲ ತಿರುಗಿ ನೋಡುವವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗದು ಎಂದು ನಮ್ಮ ಮನೆಯವರೇ ನನ್ನ ಹೆಸರು ಕೊಟ್ಟಿದ್ದರು. ಪ್ರತಿ ಶಾಟ್‌ಗೂ ಒಂದು ಸಾಲು: ಗಂಟೆ, ಯಾರು, ಏನು ಉಟ್ಟಿದ್ದಾರೆ, ಕೈಯಲ್ಲಿ ಏನಿದೆ.

ನರಹರಿ ಕನ್ನಡಕ ಮೇಲೆತ್ತಿ ಓದಿದರು. “ಸೀನ್ ಹನ್ನೆರಡು. ಎರಡೂ ಮೂವತ್ತೈದು. ರತ್ನಮ್ಮ ಲಾಕರ್‌ನಲ್ಲಿ ಒಡವೆ ಇಡ್ತಾರೆ. ಸರದ ಕೊಂಡಿಗೆ ಕೆಂಪು ದಾರ ಇದೆ.”

“ತೌಸೀಫ್ ಹೊರಟಿದ್ದು ಎಷ್ಟಕ್ಕೆ?”

ಅವರು ಹಾಳೆ ನೋಡಲಿಲ್ಲ. “ಒಂದು ಗಂಟೆ.”

“ಮೂರಕ್ಕೆ ನಿಲಾಯ್‌ನಲ್ಲಿ ಕ್ಲಾಸ್ ಇತ್ತು,” ಎಂದಳು ಆಮ್ನಾ. “ಮೂವತ್ತು ಜನ ಸ್ಟೂಡೆಂಟ್ಸ್ ಇದ್ರು. ಯಾರನ್ನ ಬೇಕಾದ್ರೂ ಕೇಳಿ ಅಂದ್ರೆ ಒಬ್ರೂ ಕೇಳ್ಲಿಲ್ಲ.”

ಈ ಕೆಂಪು ದಾರವೇ ಬಳಗದ ಮುಖ್ಯ ಸಾಕ್ಷಿ. ಶರ್ಮಿಳಾಳ ಅತ್ತೆ ಮೈಸೂರಿನಿಂದ ತಂದ ರಾಣಿಕಾಸಿನ ಸರ ಅದು. ಕೊಂಡಿ ಸಡಿಲವೆಂದು ಕೆಂಪು ದಾರ ಸುತ್ತಿದ್ದರು. ಗಿಲೀಟಿನದು ಕ್ಯಾಮೆರಾದಲ್ಲಿ ಸತ್ತಹಾಗೆ ಕಾಣುತ್ತದೆ, ಅಸಲಿಯೇ ಇರಲಿ ಎಂದು ಹಟ ಮಾಡಿ ಕೊಟ್ಟವಳೂ ಶರ್ಮಿಳಾಳೇ. ಸೋಮವಾರ ಕೊಂಡಿ ರಿಪೇರಿಗೆ ಮಸ್ಜಿದ್ ಇಂಡಿಯಾ ಬೀದಿಯ ಅಕ್ಕಸಾಲಿಗೆ ಕೊಟ್ಟಾಗ ಅವನು ಸರವನ್ನು ಅಂಗೈ ಮೇಲೆ ಕುಣಿಸಿ, “ಇದು ತಾಮ್ರ, ಅಮ್ಮಾ” ಎಂದನಂತೆ.

ಗುರುವಾರ ಬಳಗದ ಅಧ್ಯಕ್ಷ, ರತ್ನಮ್ಮನವರ ಗಂಡ ಚಾಮಯ್ಯನವರ ಮಾಂಟ್ ಕಿಯಾರಾದ ಮನೆಯಲ್ಲಿ ಸಮಿತಿ ಕೂತು ಸಿನಿಮಾದ ಕರಡು ಪ್ರತಿ ನೋಡಿತು. ಹನ್ನೆರಡನೆಯ ದೃಶ್ಯದಲ್ಲಿ ದಾರ ಇತ್ತು. ಇಪ್ಪತ್ತೆರಡನೆಯದರಲ್ಲಿ ತೌಸೀಫ್ ಲಾಕರ್ ಕೋಣೆಗೆ ನುಗ್ಗುತ್ತಾರೆ, ಅವರ ಮುಖ, ಹಣೆಯ ಬೆವರು. ಮರುಕ್ಷಣ ಕೈಗವಸು ತೊಟ್ಟ ಕೈಯೊಂದು ಪೆಟ್ಟಿಗೆಯಿಂದ ಸರ ಎತ್ತುತ್ತದೆ. ದಾರ ಇಲ್ಲ. ಅಲ್ಲಿಗೆ ಟೀವಿ ನಿಲ್ಲಿಸಿದರು. ಶೂಟಿಂಗ್ ದಿನ ಲೈಟು ಬದಲಿಸುವಾಗ ತೌಸೀಫ್ ಆ ಕೋಣೆಯಲ್ಲಿ ಏಳು ನಿಮಿಷ ಒಬ್ಬರೇ ಇದ್ದದ್ದು ಯಾರಿಗೋ ನೆನಪಾಯಿತು. ಮುಗಿಯಿತು ವಿಚಾರಣೆ.

ಹನ್ನೊಂದು ಜನ. ಅವರಲ್ಲಿ ಆರು ಜನ ಶೂಟಿಂಗ್‌ನಲ್ಲಿ ಇದ್ದವರೇ. ಆದರೂ ಸಿನಿಮಾ ಹೇಗೆ ಓಡಿತೋ ಶೂಟಿಂಗ್‌ನ ಶನಿವಾರವೂ ಹಾಗೇ ಓಡಿತ್ತು ಎಂದು ನಂಬಿದರು. ಹನ್ನೆರಡಾದ ಮೇಲೆ ಇಪ್ಪತ್ತೆರಡು.

“ಕಥೆ ಕಟ್ಟಿ, ಕ್ಯಾಮೆರಾ ಹಿಡಿದು, ಎಡಿಟ್ ಮಾಡಿದವರು ನೀವು,” ಎಂದೆ. “ಮೊದಲ ದಿನ ರಿಹರ್ಸಲ್‌ನಲ್ಲಿ ಗೋಡೆ ತುಂಬ ಹಾಳೆ ಅಂಟಿಸಿ ಒಂದು ಗಂಟೆ ಭಾಷಣ ಮಾಡಿದ್ರಲ್ಲ, ನೆನಪಿದೆಯಾ?”

“ಒಂದು ಗಂಟೆ ಇಲ್ಲ ಮೇಡಂ, ನಲವತ್ತು ನಿಮಿಷ.” ಅಳುಕಿನ ನಡುವೆಯೂ ನಗು ಬಂತು ಅವರಿಗೆ. ಹಗಲೆಲ್ಲ ಪ್ರಾಜೆಕ್ಟ್ ಮ್ಯಾನೇಜರ್ ಆದವರಿಗೆ ಭಾನುವಾರವೂ ಗೋಡೆ ಬೇಕು, ಬಣ್ಣದ ಚೀಟಿ ಬೇಕು.

“ಏನು ಹೇಳಿದ್ರಿ ಅವತ್ತು?”

“ಎಷ್ಟೋ ಹೇಳಿದೆ. ತಂಡ ಕಟ್ಟೋದು, ಬ್ಯಾಂಕಿನ ನಕ್ಷೆ, ಒಳಗಿನ ಮನುಷ್ಯ...”

“ಪ್ಲಾನ್ ಬಗ್ಗೆ.”

ಅವರು ಸ್ವಲ್ಪ ನೆಟ್ಟಗೆ ಕೂತರು. ತಮ್ಮ ವಿಷಯ ಬಂದರೆ ಯಾರಾದರೂ ಹಾಗೆ. “ದರೋಡೆ ಸಿನಿಮಾದಲ್ಲಿ ಪ್ಲಾನ್‌ನ ಪ್ರೇಕ್ಷಕರಿಗೆ ಮೊದಲೇ ಪೂರ್ತಿ ಹೇಳಿಬಿಟ್ರೆ, ಅದು ಕೆಡಲೇಬೇಕು. ಇಲ್ಲಾಂದ್ರೆ ಮಜಾ ಎಲ್ಲಿ? ಹೇಳಿದ್ದನ್ನೇ ಎರಡು ಸಲ ನೋಡಿದ ಹಾಗಾಗುತ್ತೆ. ಗೆಲ್ಲೋ ಪ್ಲಾನ್ ಆದ್ರೆ ಮುಚ್ಚಿಡಬೇಕು. ಕೊನೇಲಿ ಅದೇ ಕಳ್ಳತನಾನ ಇನ್ನೊಂದು ಕಡೆಯಿಂದ ತೋರಿಸಬೇಕು. ಆಗ ಗೊತ್ತಾಗುತ್ತೆ, ನಾವು ನೋಡಿದ್ದು ಕಳ್ಳತನವೇ ಅಲ್ಲ. ಮಾಲು ಅದಕ್ಕೂ ಮುಂಚೆನೋ ಆಮೇಲೋ ಹೋಗಿರುತ್ತೆ.”

“ಪ್ರೇಕ್ಷಕರು ಯಾಕೆ ಮೋಸ ಹೋಗ್ತಾರೆ?”

“ಯಾಕಂದ್ರೆ ಒಂದಾದ ಮೇಲೆ ಒಂದು ತೋರಿಸಿದ್ದನ್ನ ಒಂದಾದ ಮೇಲೆ ಒಂದು ನಡೆದಿದ್ದು ಅಂದ್ಕೋತಾರೆ...”

ಮಾತು ಅಲ್ಲಿಗೇ ನಿಂತಿತು. ಪಕ್ಕದ ಮೇಜಿನವರು ಮನೆಗೆ ಒಯ್ಯುವ ತಪಾವ್ ಪೊಟ್ಟಣಗಳಿಗಾಗಿ ಕೂಗುತ್ತಿದ್ದರು. ಮೇಲಿನ ಸೇತುವೆಯಲ್ಲಿ ಎಲ್‌ಆರ್‌ಟಿ ರೈಲೊಂದು ಹಾದುಹೋಯಿತು.  ಒಬ್ಬರು ತಮ್ಮದೇ ಮಾತನ್ನು ಕೇಳಿಸಿಕೊಳ್ಳುವಾಗ ಅಡ್ಡ ಬರಬಾರದು.

“ಎರಡೂ ಮೂವತ್ತೈದಕ್ಕೆ ಸರ ಅಸಲಿ,” ಎಂದೆ ಕೊನೆಗೆ. “ದಾರ ಇದೆ. ತೌಸೀಫ್ ಹೋಗಿ ಒಂದೂವರೆ ಗಂಟೆ ಆಗಿದೆ.”

ನರಹರಿ ಬೆರಳಿನಿಂದ ಮೇಜಿನ ಮೇಲಿನ ಟೀ ಕಲೆಯನ್ನು ಎಳೆಯುತ್ತಿದ್ದರು. “ದಾರ ಇದ್ದ ಮಾತ್ರಕ್ಕೆ ಅಸಲಿ ಹೇಗಾಗುತ್ತೆ? ಬೆಳಿಗ್ಗೆ ಬದಲಾಯಿಸಿ ನಕಲಿಗೂ ಒಂದು ಕೆಂಪು ದಾರ ಸುತ್ತಿರಬಹುದಲ್ಲ. ಎಷ್ಟು ಹೊತ್ತಿನ ಕೆಲಸ?”

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಶುಕ್ರವಾರದಿಂದ ನಾನೇ ಅದನ್ನು ನನಗೆ ಕೇಳಿಕೊಂಡು ಒದ್ದಾಡಿದ್ದೆ.

“ಸರಿ. ಸುತ್ತಿದ್ರು ಅಂದ್ಕೊಳ್ಳೋಣ. ಆಮೇಲೆ ಬಿಚ್ಚಿದ್ಯಾರು?”

“ಅಂದ್ರೆ?”

ಫೋನ್ ತೆಗೆದು ಅವರ ಮುಂದಿಟ್ಟೆ. ಇಪ್ಪತ್ತೆರಡನೆಯ ದೃಶ್ಯದ ಆ ಕೈ. ಕರಡು ಪ್ರತಿಯ ಲಿಂಕನ್ನು ಗುಂಪಿಗೆ ಹಾಕಿದ್ದವರು ಅವರೇ. ಅದರಿಂದ ಆ ಒಂದು ಚೌಕಟ್ಟನ್ನು ನಾನು ಹಿಡಿದಿಟ್ಟುಕೊಂಡಿದ್ದೆ.

“ಇದು ಇನ್ಸರ್ಟ್. ಬರೀ ಕೈ. ಈ ಶಾಟ್‌ಗೆ ನನ್ನ ಹಾಳೆಯಲ್ಲಿ ಸಾಲೇ ಇಲ್ಲ. ನಲವತ್ತೊಂದು ಶಾಟ್ ಬರೆದಿದ್ದೀನಿ, ಇದೊಂದಿಲ್ಲ. ಅಂದ್ರೆ ನಾನು ಆಚೆ ಹೋಗಿದ್ದಾಗ ತೆಗೆದಿದ್ದು. ದಿನವೆಲ್ಲಾ ನಾನು ಆಚೆ ಹೋಗಿದ್ದು ಒಂದೇ ಸಲ.”

“ಕರಿಪಾಪ್,” ಎಂದಳು ಆಮ್ನಾ ಮೆಲ್ಲಗೆ.

“ಹೌದು. ಆ ಕರಿದ ತಿಂಡಿ ತರೋಕೆ ನಾಲ್ಕು ಗಂಟೆಗೆ ಹೋಗಿ ನಾಲ್ಕು ಇಪ್ಪತ್ತಕ್ಕೆ ಬಂದೆ. ಕರಿಪಾಪ್ ಹಂಚಿ, ತಕ್ಷಣ ಟೀ ತರೋಕೆ ಮತ್ತೆ ಪಕ್ಕದಂಗಡಿಗೆ ಹೋದೆ. ಅದನ್ನೂ ಸೇರಿಸಿ ಒಂದು ಸಲ ಅಂತಲೇ ಲೆಕ್ಕ. ಈಗ ಚಿತ್ರದ ಬಲಗಡೆ ಮೂಲೆ ನೋಡಿ.”

ನರಹರಿ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದರು. ಕೈಗವಸು, ಸರ, ಉಕ್ಕಿನ ಪೆಟ್ಟಿಗೆ. ಅದರಾಚೆಗೆ, ಬೂದು ಬಣ್ಣದ ಶೆಲ್ಫಿನ ಅಂಚಿನಲ್ಲಿ, ಕಂದು ಕಾಗದದ ಚೀಲದ ಒಂದು ತುದಿ. ಅದರ ಮೇಲೆ ಎಣ್ಣೆಯ ಕಲೆ.

ಬೇರೆ ಯಾರಿಗೂ ಅದು ಕಾಣದು. ಕಂಡರೂ ಕಸ ಎಂದುಕೊಳ್ಳುತ್ತಾರೆ. ನನಗೆ ಮಾತ್ರ ಮೈ ಉರಿದಿತ್ತು. ದರೋಡೆಕೋರ ನುಗ್ಗಿದ ಲಾಕರ್ ಕೋಣೆಯಲ್ಲಿ ಕರಿಪಾಪ್ ಚೀಲ! ಎಂಥ ಕಂಟಿನ್ಯುಯಿಟಿ ತಪ್ಪು, ನಾಲ್ಕು ಜನ ನೋಡಿದರೆ ನನ್ನನ್ನೇ ಆಡಿಕೊಳ್ಳುತ್ತಾರೆ ಎಂಬ ಸಿಟ್ಟು ಮೊದಲು ಬಂದದ್ದು. ಅರ್ಥ ಹೊಳೆದದ್ದು ಆಮೇಲೆ.

“ನಾನು ತಂದು ಹಂಚಿದ ಚೀಲ ಅದು. ಹಾಗಾದ್ರೆ ಈ ಕೈ ಸರ ಎತ್ತಿದ್ದು ನಾಲ್ಕು ಇಪ್ಪತ್ತಾದ ಮೇಲೆ. ಆಗ ದಾರ ಇಲ್ಲ. ಎರಡೂ ಮೂವತ್ತೈದಕ್ಕೆ ಇತ್ತು. ಮೊದಲೇ ನಕಲಿ ಆಗಿದ್ರೆ ಸುತ್ತಿದ ದಾರ ಬಿಚ್ಚೋ ಕೆಲಸ ಯಾರಿಗೂ ಇರಲಿಲ್ಲ. ಬದಲಾಗಿದ್ದು ಇವೆರಡರ ನಡುವೆ. ಆ ಹೊತ್ತಿಗೆ ತೌಸೀಫ್ ನಿಲಾಯ್‌ನಲ್ಲಿ ಬೋರ್ಡ್ ಮುಂದೆ ನಿಂತಿದ್ರು. ಈ ಕೈ ಅವರದಲ್ಲ.”

ಆಮ್ನಾಳ ಉಸಿರು ನನಗೆ ಕೇಳಿಸಿತು. ಅವಳು ಚೂರಾದ ರೋಟಿಯನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸತೊಡಗಿದಳು.

“ಮುಖ ಬೆಳಿಗ್ಗೆ ಹನ್ನೊಂದೂ ನಲವತ್ತರದು, ಕೈ ಸಂಜೆಯದು,” ಎಂದೆ. “ಅಂಟಿಸಿದವರು ನೀವು.”

“ಅಂಟಿಸಿದ್ದು ಸಿನಿಮಾಕ್ಕೆ, ಮೇಡಂ!”

“ಗುರುವಾರ ಚಾಮಯ್ಯನವರು ಟೀವಿ ನಿಲ್ಲಿಸಿದಾಗ ಅಲ್ಲೇ ಕೂತಿದ್ರಲ್ಲ. ಎಲ್ರೂ ತೌಸೀಫ್ ಕೈ ಅಂತಿದ್ರು. ಒಂದು ಮಾತು ಹೇಳಬಹುದಿತ್ತು.”

“ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.”

“ಬರಲಿಲ್ವಾ, ಬಾಯಿಗೆ ತರಲಿಲ್ವಾ?”

ನರಹರಿ ರಸ್ತೆಯ ಕಡೆ ನೋಡಿದರು.    ಇಷ್ಟು ಗಟ್ಟಿಯಾಗಿ ನಾನು ಯಾರೊಡನೆಯೂ ಮಾತಾಡಿದವಳಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡಲಾರೆನೆಂಬ ಭಯ ಇತ್ತು, ಅದಕ್ಕೇ ನಿಲ್ಲಿಸಲಿಲ್ಲ.

“ನರಹರಿ, ಐದು ವರ್ಷದಿಂದ ತೌಸೀಫ್ ನಿಮ್ಮ ಜೊತೆ ಶಟಲ್ ಆಡ್ತಾರೆ. ನಿಮ್ಮ ಅಪ್ಪ ಇಲ್ಲಿಗೆ ಬಂದು ಹುಷಾರು ತಪ್ಪಿದಾಗ ಮೂರು ದಿನ ಆಸ್ಪತ್ರೆಯಲ್ಲಿ ಕೂತವರು ಯಾರು?”

“ಗೊತ್ತು ಮೇಡಂ.”

“ಗೊತ್ತಿದ್ದೂ?”

“ಶರ್ಮಿಳಾ ಗಂಡ ನಮ್ಮ ಆಫೀಸಲ್ಲಿ ನನಗಿಂತ ಎರಡು ಮೆಟ್ಟಿಲು ಮೇಲಿದ್ದಾರೆ.” ಅವರು ಈ ಮಾತನ್ನು ಲೋಟಕ್ಕೆ ಹೇಳಿದರು. “ಮುಂದಿನ ವಾರ ನಮ್ಮ ಟೀಮಿನ ಪಟ್ಟಿ ಬರುತ್ತೆ. ಯಾರು ಇರ್ತಾರೆ, ಯಾರು ಹೋಗ್ತಾರೆ ಅಂತ. ನನಗೂ ಇಬ್ಬರು ಮಕ್ಕಳಿದ್ದಾರೆ. ನಾನು ಸುಳ್ಳು ಹೇಳ್ಲಿಲ್ಲ. ಸುಮ್ನಿದ್ದೆ, ಅಷ್ಟೆ.”

“ಅಷ್ಟೆ,” ಎಂದಳು ಆಮ್ನಾ. ಮೊದಲ ಸಲ ತಲೆಯೆತ್ತಿ ಅವರನ್ನು ನೋಡಿದಳು. “ನರಹರಿ ಅಣ್ಣ, ನನ್ನ ಮಗಳು ಆರನೇ ಕ್ಲಾಸು. ಅವಳ ಫ್ರೆಂಡ್ ಒಬ್ಬಳು ನಿನ್ನೆ ಕೇಳಿದ್ಳಂತೆ, ‘ಈಸ್ ಯುವರ್ ಡ್ಯಾಡ್ ದ ರಿಯಲ್ ರಾಬರ್?’ ಅಂತ. ಅವಳು ಮನೆಗೆ ಬಂದು ನಗ್ತಾ ಹೇಳಿದ್ಳು. ಅವಳಿಗೆ ಅದು ಜೋಕು. ನಮ್ಮವರು ಊಟ ಬಿಟ್ಟೆದ್ದು ಹೋದ್ರು.”

ನರಹರಿ ಕನ್ನಡಕ ತೆಗೆದು ಅಂಗಿಗೆ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಆ ಕೈ ಯಾರದು?” ಎಂದೆ.

“ದೇವರಾಣೆಗೂ ಗೊತ್ತಿಲ್ಲ.”

“ಕ್ಯಾಮೆರಾ ಹಿಂದೆ ಇದ್ದವರು ನೀವು.”

“ಇರಲಿಲ್ಲ! ಕೇಳಿ ಇಲ್ಲಿ. ಐದಕ್ಕೆ ಬಾಗಿಲು ಹಾಕಬೇಕು ಅಂತ ಗಾರ್ಡ್ ಗಲಾಟೆ ಮಾಡ್ತಿದ್ದ. ಅದು ಬ್ಯಾಂಕು ಖಾಲಿ ಮಾಡಿದ ಜಾಗ, ಮಾರನೇ ದಿನ ಡೆಂಟಿಸ್ಟ್ ಒಬ್ಬರ ಸಾಮಾನು ಬರೋದಿತ್ತು. ನಾನು ಆಚೆ ಅವನ ಹತ್ರ ಬೇಡ್ಕೋತಿದ್ದೆ. ಕ್ಯಾಮೆರಾ ಸ್ಟ್ಯಾಂಡ್ ಮೇಲಿತ್ತು, ಫೋಕಸ್ ಇಟ್ಟಿದ್ದೆ. ಬಟನ್ ಒತ್ತಿ ಬಂದ್ಬಿಟ್ಟೆ. ‘ಯಾರಾದ್ರೂ ಒಬ್ರು ಕೈಗವಸು ಹಾಕಿ ಸರ ಎತ್ತಿಬಿಡಿ’ ಅಂದೆ. ವಾಪಸ್ ಬಂದಾಗ ಶಾಟ್ ಆಗಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ.”

“ಆ ಶಾಟ್ ಸ್ಕ್ರಿಪ್ಟ್‌ನಲ್ಲೇ ಇಲ್ಲ. ಬೇಕು ಅಂದಿದ್ದು ಯಾರು?”

ಅವರು ತಡಮಾಡಿದರು. ಆ ತಡದಲ್ಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು.

“ಶರ್ಮಿಳಾ. ‘ಅಷ್ಟು ದೊಡ್ಡ ಸರ ಕೊಟ್ಟಿದ್ದೀನಿ, ಒಂದು ಕ್ಲೋಸಪ್ ಬೇಡ್ವಾ?’ ಅಂದ್ಳು. ಪ್ರೊಡ್ಯೂಸರ್ ಮಾತು. ಇಲ್ಲ ಅನ್ನೋಕಾಗುತ್ತಾ?”

ಇದರಿಂದ ಯಾವುದೂ ಸಾಬೀತಾಗುವುದಿಲ್ಲ. ಒಡವೆ ಕೊಟ್ಟವಳಿಗೆ ಅದು ಚೆನ್ನಾಗಿ ಕಾಣಲಿ ಎಂಬ ಆಸೆ ಸಹಜ. ನಾನು ಹಾಗೆಂದು ಮನಸ್ಸಿಗೆ ಹೇಳಿಕೊಂಡೆ. ಸಾಬೀತಾಗದ ಮಾತನ್ನು ಬಾಯಿಗೆ ತಂದು ಇನ್ನೊಬ್ಬರ ಮೇಲೆ ಹೊರಿಸಿದರೆ ನನಗೂ ಆ ಸಮಿತಿಗೂ ಏನು ವ್ಯತ್ಯಾಸ?

ಸದ್ಯಕ್ಕೆ ಬೇಕಾದದ್ದು ಒಂದೇ. ತೌಸೀಫ್ ಅಲ್ಲ ಎಂಬುದು.

“ಇವತ್ತು ನಾಲ್ಕಕ್ಕೆ ಸಮಿತಿ ಕೂತಾಗ ಇದನ್ನೆಲ್ಲ ನೀವೇ ಹೇಳಬೇಕು,” ಎಂದೆ. “ನಾನು ಹೇಳಿದ್ರೆ ವಾಸಂತಿಗೆ ಎಲ್ಲದಕ್ಕೂ ಅನುಮಾನ ಅಂತ ನಗ್ತಾರೆ. ನೀವು ಹೇಳಿದ್ರೆ ಕೇಳ್ತಾರೆ.”

“ಪಟ್ಟಿ...”

“ಪಟ್ಟಿಯಲ್ಲಿ ಏನಿದೆಯೋ ಗೊತ್ತಿಲ್ಲ. ಇಲ್ಲಿ ಒಂದು ಸಂಸಾರ ಸೂಟ್‌ಕೇಸ್ ಕಟ್ಟೋ ಹಾಗಾಗಿದೆ.”

  ನರಹರಿ ತಲೆಯಾಡಿಸಿದರು.

“ಕೊಡಿ ಹಾಳೆ. ನಾಲ್ಕರವರೆಗೆ ಯಾಕೆ, ಈಗಲೇ ಚಾಮಯ್ಯನವರಿಗೆ ಹೇಳ್ತೀನಿ. ಅದೇನಾಗುತ್ತೋ ಆಗಲಿ.”

ಆಮ್ನಾ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಅವಳ ಮೊಣಕೈ ಹಿಡಿದುಕೊಂಡೆ.

ಅವರು ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಅದೇ ಬಡಿದುಕೊಂಡಿತು. ಚಾಮಯ್ಯನವರು. ನರಹರಿ ನಮ್ಮಿಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

“ನರಹರಿ, ಎಲ್ಲಿದೀಯಪ್ಪಾ?” ಎಪ್ಪತ್ತರ ಮನುಷ್ಯ, ದನಿಯಲ್ಲಿ ದೊಡ್ಡ ಭಾರ ಇಳಿಸಿದ ನೆಮ್ಮದಿ. “ನಾಲ್ಕು ಗಂಟೆ ಮೀಟಿಂಗ್ ಬೇಡ. ಎಲ್ಲಾ ಸುಖವಾಗಿ ಮುಗೀತು.”

“ಏನು ಮುಗೀತು, ಸರ್?”

“ತೌಸೀಫ್ ಬಂದಿದ್ದ. ಈಗ ಹೋದ. ಒಪ್ಕೊಂಡ.”

ನರಹರಿಯ ಕೈ ನಿಂತಲ್ಲೇ ನಿಂತಿತು. “ಏನ್ ಒಪ್ಕೊಂಡ್ರು?”

“ತಾನೇ ತಗೊಂಡೆ ಅಂತ. ಸರಾನೂ ತಂದುಕೊಟ್ಟ. ನಾನೇ ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದೆ ಕಣಪ್ಪಾ. ನೋಡು ಮಗಾ, ಸರ ವಾಪಸ್ ಕೊಟ್ಟು ಒಂದು ಕಾಗದ ಬರೆದುಕೊಟ್ಬಿಡು, ಪೊಲೀಸು ಗಿಲೀಸು ಏನೂ ಬೇಡ, ನಮ್ಮೊಳಗೇ ಇರಲಿ ಅಂತ. ಪಾಪ, ಹುಡುಗ ಮಾತು ಕೇಳಿದ. ಸಹಿ ಹಾಕಿದಾನೆ. ಶರ್ಮಿಳಾ ಸರ ನೋಡಿದ್ಳು, ಇದೇ ನಮ್ಮತ್ತೆದು ಅಂದ್ಳು. ಬೆಳಿಗ್ಗೆಯಿಂದ ನಾನು ಕಾಫಿನೂ ಕುಡಿದಿರಲಿಲ್ಲ, ಈಗ ರತ್ನ ಮಾಡ್ಕೊಂಡು ಬರ್ತಿದಾಳೆ.”

ಫೋನ್ ನಿಂತಿತು. ನಾವು ಮೂವರೂ ಮೇಜಿನ ಮೇಲಿದ್ದ ನನ್ನ ಹಾಳೆಯನ್ನು ನೋಡುತ್ತಿದ್ದೆವು.

ನರಹರಿ ನಿಧಾನವಾಗಿ ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ಸಿಟ್ಟಿಗಿಂತ ಬಿಡುಗಡೆಯೇ ಹೆಚ್ಚಿತ್ತು. “ಕೇಳಿದ್ರಲ್ಲ ಮೇಡಂ? ಸರ ಅವರ ಹತ್ರವೇ ಇತ್ತು. ನಿಮ್ಮ ಕರಿಪಾಪ್ ಚೀಲ...”

 ಎರಡೂ ಮೂವತ್ತೈದು ಸುಳ್ಳಲ್ಲ. ಎಣ್ಣೆಯ ಕಲೆ ಸುಳ್ಳಲ್ಲ. ಅವರ ಹತ್ತಿರ ಇರಲು ಸಾಧ್ಯವೇ ಇಲ್ಲದ ಸರ ಅವರ ಕೈಗೆ ಹೇಗೆ ಬಂತು?

ಆಗಲೇ ನನ್ನ ಫೋನು ಸಣ್ಣಗೆ ಅದುರಿತು. ಬಳಗದ ವಾಟ್ಸಾಪ್ ಗುಂಪು. ಶರ್ಮಿಳಾ ಒಂದು ಫೋಟೊ ಹಾಕಿದ್ದಳು. ಚಾಮಯ್ಯನವರ ಸೋಫಾದ ಮೇಲೆ ಕೂತು ನಗುತ್ತಿದ್ದಾಳೆ. ಕೊರಳಲ್ಲಿ ಕಾಸಿನ ಸರ. ಕೆಳಗೆ ಕೈಮುಗಿದ ಚಿತ್ರಗಳು ಒಂದರ ಮೇಲೊಂದು ಬರುತ್ತಿದ್ದವು.

“ಅಕ್ಕ, ಕೊಡಿ ಇಲ್ಲಿ.” ಆಮ್ನಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಚಿತ್ರ ಹಿಗ್ಗಿಸಿ ಕಣ್ಣ ಹತ್ತಿರ ಹಿಡಿದಳು. ಎಷ್ಟೋ ಹೊತ್ತು ಹಿಡಿದೇ ಇದ್ದಳು.

“ಕೊಂಡಿಯಿಂದ ಮೂರನೇ ಕಾಸು ನೋಡಿ,” ಎಂದಳು. “ತಗ್ಗಿದೆ. ನಾನು ಚಿಕ್ಕವಳಿದ್ದಾಗ ಕಚ್ಚಿದ್ದು. ಅಮ್ಮ ಬೆನ್ನಿಗೆ ಎರಡು ಹಾಕಿದ್ರು.”

“ಏನಂತಿದೀಯ ಆಮ್ನಾ?”

“ಇದು ನಮ್ಮಮ್ಮನ ಸರ, ಅಕ್ಕ. ನನ್ನ ಮದುವೇಲಿ ಕೊಟ್ಟಿದ್ದು. ಶಿರಾದಲ್ಲಿ ಮಾಡಿಸಿದ್ದು. ನಮ್ಮನೆ ಬೀರುವಿನಲ್ಲಿತ್ತು.” ಅವಳ ದನಿ ಒಂದಿಷ್ಟೂ ಏರಲಿಲ್ಲ. “ನನಗೆ ಹೇಳದೆ ತಗೊಂಡು ಹೋಗಿದಾರೆ. ಇಲ್ಲದ ಸರ ಕೊಡು ಅಂದ್ರೆ ಇನ್ನೇನು ಮಾಡ್ತಾರೆ ಅವರು?”

ನರಹರಿಯ ಮುಖದಲ್ಲಿದ್ದ ಬಿಡುಗಡೆ ಇಳಿದುಹೋಯಿತು.

ನನ್ನ ತಲೆಯಲ್ಲಿ ಒಂದೇ ವಿಷಯ ಸುತ್ತುತ್ತಿತ್ತು. ಚಾಮಯ್ಯನವರಿಗೆ ಕಾಸಿನ ಸರಗಳೆಲ್ಲ ಒಂದೇ, ಗಂಡಸರ ಕಣ್ಣು. ಆದರೆ ಶರ್ಮಿಳಾ ಮದುವೆಯಾದ ಹದಿನಾಲ್ಕು ವರ್ಷ ಹಬ್ಬಹಬ್ಬಕ್ಕೂ ಕೊರಳಿಗೆ ಹಾಕಿಕೊಂಡ ಸರ ಅದು. ಬೇರೆಯವರ ಮನೆಯ ಒಡವೆಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಇದೇ ನಮ್ಮತ್ತೆಯದು ಎಂದಿದ್ದಾಳೆ.

ಫೋನು ಆಮ್ನಾಳ ಕೈಯಲ್ಲಿ ಮತ್ತೆ ಅದುರಿತು. ಅವಳು ಓದಿದಳು. ಓದಿ, ಪರದೆಯನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

ಗುಂಪಿಗೆ ಶರ್ಮಿಳಾ ಎರಡನೆಯ ಫೋಟೊ ಹಾಕಿದ್ದಳು. ತೌಸೀಫ್ ಅವರ ನೀಟಾದ ಅಕ್ಷರ, ಅಡಿಯಲ್ಲಿ ಪೂರ್ತಿ ಹೆಸರಿನ ಸಹಿ, ಪಾಸ್‌ಪೋರ್ಟ್ ನಂಬರು. ಅದರ ಕೆಳಗೆ ಅವಳ ಸಾಲು:

“ಕೊಟ್ಟ ಮಾತಿನಂತೆ ಪೊಲೀಸಿಗೆ ಹೋಗುವುದಿಲ್ಲ. ಆದರೆ ಮಕ್ಕಳಿಗೆ ಪಾಠ ಹೇಳುವ ಮನುಷ್ಯ. ಈ ಪತ್ರದ ಪ್ರತಿ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅವರ ವಿಶ್ವವಿದ್ಯಾಲಯಕ್ಕೆ ತಲುಪುತ್ತದೆ.”